ಬಾಯಿಲ್ಲದ ರೇಡಿಯೊ

"ಕತ್ತು ನಿಲ್ತಾ ಇಲ್ಲ. ಇನ್ನೊಂದು ಪಂಚೆ ಕೊಡಿ," ಎಂದು ಅಯ್ನೋರು ತಿರುಗಿ ನೋಡದೆಯೇ ಹಿಂದಕ್ಕೆ ಕೈ ಚಾಚಿದರು.

ಚನ್ನಾಜಮ್ಮ ಪಂಚೆ ಕೊಟ್ಟಳು. ಅಯ್ನೋರು ಅದನ್ನು ಸುರುಳಿ ಸುತ್ತಿ ಅವಳ ಗಂಡ ಪುಟ್ಟಮಲ್ಲಪ್ಪನ ಕತ್ತಿಗೂ ಗೋಡೆಗೂ ನಡುವೆ ತುರುಕಿದರು. ತಲೆ ನಿಂತಿತು. ಚಕ್ಕಳಮಕ್ಕಳ ಹಾಕಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಎಡ ಅಂಗೈಗೆ ಲಿಂಗ ಕೊಟ್ಟಾಗಿತ್ತು. ಬಲಗೈಯನ್ನು ಎಲ್ಲಿಡುವುದೆಂದು ಗೊತ್ತಾಗದೆ ಮೊಣಕಾಲ ಮೇಲೆ ಬಿಟ್ಟಿದ್ದರು. ಬದುಕಿದ್ದಾಗ ಈ ಮನುಷ್ಯ ಇಷ್ಟು ಹೊತ್ತು ನೆಟ್ಟಗೆ ಕೂತದ್ದನ್ನು ಚನ್ನಾಜಮ್ಮ ಕಂಡದ್ದು ಹಿಂದಿನ ಕೋಣೆಯ ಸ್ಟೂಲಿನ ಮೇಲೆ ಮಾತ್ರ. ಬೇರೆ ಎಲ್ಲಿ ಕೂರಿಸಿದರೂ ಎರಡು ನಿಮಿಷಕ್ಕೆ ಎದ್ದು ಗದ್ದೆಗೆ ಹೋಗುತ್ತಿದ್ದ. ಬೆಳಗಿನ ಜಾವ ಎದೆ ಹಿಡಿದುಕೊಂಡವನು, ಕಾರು ಸತ್ತೇಗಾಲ ಬಿಟ್ಟು ಕೊಳ್ಳೇಗಾಲ ಮುಟ್ಟುವ ಮೊದಲೇ ಮುಗಿದಿದ್ದ.

ಜಗಲಿಯ ಮೇಲೆ ಪಕ್ಕದ ಮನೆಯ ಮಾದಣ್ಣ ಎಲೆ ಅಡಿಕೆ ಮಡಚುತ್ತ, ಎಲ್ಲರಿಗೂ ಕೇಳುವಂತೆ ಕೇಳಿದ, "ಊಗ್ಯಂಗೆ ಯೋಳಿ ಕಳ್ಸುದ್ರಾ?"

ಹೂಗ್ಯಂ ಎಂದರೆ ಪುಟ್ಟಮಲ್ಲಪ್ಪನ ತಮ್ಮ ಚಿಕ್ಕಮಾದಪ್ಪನ ಊರು, ಹನೂರಿನಾಚೆ ಕಾಡಿನ ಅಂಚು. ಈ ಮನೆಯಲ್ಲಿ ಆ ಹೆಸರು ಎತ್ತಿ ಹದಿನೆಂಟು ವರ್ಷವಾಗಿತ್ತು.

"ಯಾಕ್ ಯೋಳ್ಬೇಕು ಮಾದಣ್ಣ?" ಎಂದ ಮಗ ಗುರುಪ್ರಕಾಶ. ಕೊಳ್ಳೇಗಾಲದ ಸೊಸೈಟಿ ಬ್ಯಾಂಕಿನಲ್ಲಿ ಕೆಲಸ. ಅತ್ತು ಅತ್ತು ಕಣ್ಣು ಊದಿದ್ದರೂ ದನಿ ಗಟ್ಟಿಯಾಗಿತ್ತು. "ಸತ್ರೂ ಮಣ್ಣಿಗೆ ಬರ್ಬ್ಯಾಡ ಅಂತ ಅಪ್ಪ ಅಂದಿದ್ದು ನಿಮ್ ಮುಂದೇನೆ ಅಲ್ವಾ?"

"ಅದ್ಕೇ ಕೇಳ್ದಿ ಕಣಪ್ಪ. ಆಮೇಲೆ ಯಾರೂ ಏನೂ ಅನ್ಬಾರ್ದಲ್ಲ. ಆಣೆ ಅಂದ್ರ ಆಣೆ."

"ಯಾರೂ ಯೋಳಿಲ್ಲ. ಯೋಳೋದೂ ಇಲ್ಲ."

ಒಳಗಿದ್ದ ಚನ್ನಾಜಮ್ಮ ಅದನ್ನು ಕೇಳಿಸಿಕೊಂಡಳು. ಹೇಳಿಯಾಗಿತ್ತು. ಹೆಣ ಮನೆಗೆ ಬಂದ ಸ್ವಲ್ಪ ಹೊತ್ತಿಗೇ ಕೊಟ್ಟಿಗೆಯ ಹಿಂದೆ ನಿಂತು, ಸೊಸೆ ಪವಿತ್ರಳ ಫೋನಿನಿಂದ ಕೊಳ್ಳೇಗಾಲದ ಮಾದಸ್ವಾಮಿಗೆ ಹೇಳಿಸಿದ್ದಳು. ಮಾದಸ್ವಾಮಿ ಮಿಕ್ಸಿ, ಟಿವಿ ರಿಪೇರಿಯವನು. ಅವನ ಹತ್ತಿರ ಇನ್ನೊಂದು ಬಗೆಯ ಯಂತ್ರವೂ ಇತ್ತು. "ನಿಮ್ ಟಕಟಕದಲ್ಲಿ ಒಂದ್ ಮಾತು ಆಕ್ಬುಡಪ್ಪ, ಇಂಗಿಂಗೆ ಆಯ್ತು ಅಂತ. ಯಾರಿಗೂ ಅಂತ ಯೋಳ್ಬ್ಯಾಡ. ಸುಮ್ನೆ ಆಕು," ಎಂದಿದ್ದಳು. ಯಾರ ಕಿವಿಗೆ ಬೀಳಬೇಕೆಂದು ಮಾದಸ್ವಾಮಿಗೂ ಗೊತ್ತಿತ್ತು. ಅವನು ಒಂದು ಮಾತೂ ಕೇಳದೆ ಫೋನಿಟ್ಟಿದ್ದ.

*

ಜಗಳ ಶುರುವಾದದ್ದು ಗದ್ದೆಗೆ ನೀರು ಕಟ್ಟುವ ಸರದಿಯಿಂದ. ಪಾಲಾದ ಹೊಸತು. ಅಣ್ಣನ ಸರದಿಯ ದಿನ ತಮ್ಮ ತೂಬು ತಿರುಗಿಸಿಕೊಂಡ ಎಂದು ಅಣ್ಣ; ನನ್ನ ಸರದಿಯನ್ನೇ ಹಿಂದಿನ ವಾರ ನೀನು ನುಂಗಿದೆ ಎಂದು ತಮ್ಮ. ಎರಡೂ ನಿಜವಿದ್ದಿರಬೇಕು. ಮಾದಣ್ಣನ ಜಗಲಿಯಲ್ಲಿ ನಾಲ್ಕು ಜನ ಸೇರಿ ಬುದ್ಧಿ ಹೇಳುವಷ್ಟರಲ್ಲಿ ನೀರಿನ ಮಾತು ಹೋಗಿ ಹೆತ್ತವರ ಮಾತು ಬಂದಿತ್ತು. ಪುಟ್ಟಮಲ್ಲಪ್ಪ ಕರ್ಪೂರ ಹಚ್ಚಿ, ಬೆಟ್ಟದ ದೇವರು ಮಾದಪ್ಪನಿರುವ ದಿಕ್ಕಿಗೆ ತಿರುಗಿ ಅವನ ಮೇಲೆ ಆಣೆ ಇಟ್ಟ: "ಇನ್ ನಿನ್ ಜೊತೆ ಬಾಯ್ಬುಟ್ಟು ಮಾತಾಡಲ್ಲ. ನಿನ್ ನೆಲ ತುಳಿಯಲ್ಲ, ನನ್ ನೆಲ ನೀ ತುಳೀಬ್ಯಾಡ. ಸತ್ರೂ ಮಣ್ಣಿಗೆ ಬರ್ಬ್ಯಾಡ." ಅದೇ ಕರ್ಪೂರದ ಮೇಲೆ ಚಿಕ್ಕಮಾದಪ್ಪನೂ ಕೈ ಹಿಡಿದು, ಅದನ್ನೇ ತಿರುಗಿಸಿ ಹೇಳಿದ. ಆಮೇಲೆ ತನ್ನ ಪಾಲಿನ ಗದ್ದೆಯನ್ನು ಬೇರೆಯವರಿಗೆ ಗೇಣಿಗೆ ಕೊಟ್ಟು, ಹೆಂಡತಿಯ ಊರಾದ ಹೂಗ್ಯಂಗೆ ಹೊರಟುಹೋದ.

ಈ ಸೀಮೆಯಲ್ಲಿ ಮಾದಪ್ಪನ ಆಣೆ ಕೋರ್ಟಿಗಿಂತ ಮೇಲು. ಕೋರ್ಟಿಗಾದರೆ ಅಪೀಲು ಇರುತ್ತದೆ. ಆಣೆ ಬಿಡಿಸಿಕೊಳ್ಳಬೇಕೆಂದರೆ ಇಬ್ಬರೂ ಕೂಡಿ ಬೆಟ್ಟ ಹತ್ತಿ ತಪ್ಪುಕಾಣಿಕೆ ಹಾಕಬೇಕು. ಕೂಡಿ ಹೋಗೋಣ ಬಾ ಎನ್ನುವುದಕ್ಕಾದರೂ ಮೊದಲು ಯಾರಾದರೊಬ್ಬರು ಬಾಯಿ ಬಿಡಬೇಕಲ್ಲ!

ಆಣೆ ಇಟ್ಟವನು ಅಪ್ಪ. ಅದನ್ನು ಎದೆಗೆ ಹಚ್ಚಿಕೊಂಡವನು ಮಗ. ಚಿಕ್ಕಪ್ಪನ ಮಗಳು ರೂಪ ಇವನ ಹೆಗಲ ಮೇಲೆ ಬೆಳೆದವಳು. ಅವಳ ಮದುವೆಯ ಕಾಗದ ಬಂದಾಗ ಗುರುಪ್ರಕಾಶ ತಂದವನನ್ನು ಒಳಗೆ ಕರೆಯಲಿಲ್ಲ, ಹೊಸಿಲಲ್ಲೇ ನಿಲ್ಲಿಸಿ ಕಾಗದವನ್ನು ವಾಪಸು ಕಳಿಸಿದ. ಅವತ್ತು ಅವನು ಊಟ ಮಾಡಲಿಲ್ಲ. ಅಪ್ಪ ನೋಡಿಯೂ ಸುಮ್ಮನಿದ್ದ.

*

ಕಾಗದ ವಾಪಸಾಗುವುದಕ್ಕೆ ನಾಲ್ಕೈದು ವರ್ಷ ಮೊದಲೇ ರೇಡಿಯೊ ಮನೆಗೆ ಬಂದಿತ್ತು.

ಅದನ್ನು ಅಂಗಡಿಯಲ್ಲಿ ಆರಿಸಿಕೊಂಡ ದಿನ ಚನ್ನಾಜಮ್ಮನೂ ಜೊತೆಗಿದ್ದಳು. ಮಾದಸ್ವಾಮಿ ತನ್ನ ಅಂಗಡಿಯಲ್ಲಿ ಬಿಚ್ಚಿಟ್ಟ ಮಿಕ್ಸಿಗಳನ್ನು ಪಕ್ಕಕ್ಕೆ ಸರಿಸಿ, ಮೂರು ಬಗೆ ತೋರಿಸಿದ. ಮೊದಲನೆಯದು ಚಪ್ಪಲಿ ಡಬ್ಬಿಯಷ್ಟು ದಪ್ಪ, ನೂರು ವ್ಯಾಟಿನದು, ಯಾರೋ ಬಳಸಿ ಬಿಟ್ಟದ್ದು; ಆದರೂ ಒಂದು ಒಳ್ಳೆಯ ಎಮ್ಮೆಯ ಬೆಲೆ. ಎರಡನೆಯದು ಐದು ವ್ಯಾಟಿನದು, ಮೈಕೂ ಇತ್ತು, ಬೆರಳಲ್ಲಿ ಟಕಟಕ ಕುಟ್ಟುವ ಮೋರ್ಸಿನ ಕೀಲಿಯೂ ಇತ್ತು. ಮೂರನೆಯದಕ್ಕೆ ಇನ್ನೂ ಪೆಟ್ಟಿಗೆಯೇ ಇರಲಿಲ್ಲ. ಬಿಡಿಭಾಗ ತರಿಸಿ ಮಾದಸ್ವಾಮಿಯೇ ಬೆಸುಗೆ ಹಾಕಿಕೊಡಬೇಕು. ಮೂರು ವ್ಯಾಟು ಬಂದರೆ ಪುಣ್ಯ. ರಾತ್ರಿ ಉರಿಸುವ ಸಣ್ಣ ಬಲ್ಬಿಗೆ ಬೇಕಾಗುವಷ್ಟು ಕರೆಂಟು. ಒಂದೇ ಬ್ಯಾಂಡು. ಮಾತು ಹೋಗದು, ಬರೀ ಚುಕ್ಕೆ ಗೆರೆಯ ಕುಂಯ್‌ಕುಂಯ್.

"ಮಧ್ಯದ್ದು ತಕಳಿ ಅಣ್ಣ," ಎಂದ ಮಾದಸ್ವಾಮಿ. "ಕಾಸು ಸ್ವಲ್ಪ ಎಚ್ಚು. ಆದ್ರೆ ಕೀಲಿ ಕುಟ್ಟಿ ಬೇಜಾರಾದ್ ದಿನ ಬಾಯಲ್ಲೇ ಮಾತಾಡ್ಬೋದು."

ಪುಟ್ಟಮಲ್ಲಪ್ಪ ಮೂರನೆಯದರ ಚಿತ್ರವನ್ನೇ ನೋಡುತ್ತಿದ್ದ. "ಇದ್ರಲ್ಲಿ ಬಾಯಲ್ಲಿ ಮಾತಾಡಕ್ಕ ಏನಾದ್ರೂ ದಾರಿ ಅದ?"

"ಇಲ್ಲ. ಇದ್ಕೆ ಬಾಯೇ ಇಲ್ಲ."

"ಮುಂದಕ್ಕೆ ಆಸೆ ಆಯ್ತು ಅನ್ಕಾ. ಮೈಕು ಸೇರ್ಸಕ್ಕ ಆಯ್ತದ?"

"ತಲೆಕೆಳ್ಗಾಗಿ ನಿಂತ್ರೂ ಆಗಲ್ಲ."

"ಅಂಗಾರ ಇದೇ ಇರ್ಲಿ."

ಮಾದಸ್ವಾಮಿ ಚನ್ನಾಜಮ್ಮನ ಕಡೆ ನೋಡಿ ನಕ್ಕ, ಎಂಥ ಜುಗ್ಗ ಸಿಕ್ಕಿದ್ದಾನೆ ನಿಮಗೆ ಎನ್ನುವಂತೆ. ಅವಳೂ ಹಾಗೆಯೇ ಅಂದುಕೊಂಡಳು. ಆ ಬಾಯಿಲ್ಲದ ಪೆಟ್ಟಿಗೆಯ ದುಡ್ಡಿಗೂ ಒಂದು ಸಾಧಾರಣ ರೇಷ್ಮೆ ಸೀರೆ ಬರುತ್ತಿತ್ತು.

ಬಸ್ಸಿನಲ್ಲಿ ಬರುವಾಗ ಅವನು ಗುಟ್ಟು ಬಿಟ್ಟ. ಚಿಕ್ಕಮಾದಪ್ಪ ಮಿಲಿಟರಿಯ ಸಿಗ್ನಲ್ಸಿನಲ್ಲಿದ್ದವನು. ರಜೆಗೆ ಬಂದಾಗಲೆಲ್ಲ ಗದ್ದೆಯ ಮೇಲೆ ಕೂತು, ನೊಗಕ್ಕೆ ಕಲ್ಲು ಕುಟ್ಟಿ ಕುಟ್ಟಿ ಅಣ್ಣನಿಗೂ ಈ ಟಕಟಕ ಕಲಿಸಿದ್ದ. ಈಗ ಹೂಗ್ಯಂನಲ್ಲಿ ಹವ್ಯಾಸಿಗಳ ಹ್ಯಾಮ್ ರೇಡಿಯೊದ ಪರೀಕ್ಷೆ ಪಾಸು ಮಾಡಿ ಲೈಸೆನ್ಸು ತೆಗೆದುಕೊಂಡಿದ್ದಾನೆಂದು ಮಾದಸ್ವಾಮಿ ಯಾವುದೋ ಮಾತಿನಲ್ಲಿ ಬಾಯಿ ಜಾರಿ ಹೇಳಿದ್ದ. ಅದನ್ನು ಕೇಳಿದ ಮೇಲೆ ಪುಟ್ಟಮಲ್ಲಪ್ಪನೂ ಐವತ್ತು ದಾಟಿದ ವಯಸ್ಸಿನಲ್ಲಿ ಪುಸ್ತಕ ಹಿಡಿದು ಪರೀಕ್ಷೆ ಕಟ್ಟಿದ್ದ.

"ಆಣೆ ಮುರ್ದಂಗಾಗಲ್ವಾ?" ಎಂದಳು ಚನ್ನಾಜಮ್ಮ ಹೆದರಿ.

"ಎಲ್ ಮುರೀತದ? ಬಾಯ್ಬುಟ್ಟು ಮಾತಾಡಲ್ಲ ಅಂದಿದ್ದೆ. ಬಾಯಿ ಬುಡ್ತಾ ಇಲ್ಲ."

"ಅಂಗಾರ ಫೋನಲ್ಲೇ ಬರ್ದು ಕಳ್ಸಿ. ಅದ್ಕೂ ಬಾಯಿ ಬ್ಯಾಡ."

"ಫೋನಾದ್ರ ಅವ್ನ್ ನಂಬರು ಒತ್ಬೇಕು. ಒತ್ತುದ್ರ ಅವ್ನ ಕರ್ದಂಗೆ. ಇದ್ರಲ್ಲಿ ಅಂಗಲ್ಲ ಕಣಮ್ಮಿ. ಯಾರಾದ್ರೂ ಇದ್ದೀರಾ ಅಂತ ಲೋಕಾನೆಲ್ಲ ಕರೀತೀನಿ. ಆ ಲೋಕದಲ್ಲಿ ಅವ್ನೂ ಇದ್ರ ನಾನೇನ್ ಮಾಡ್ಲಿ?"

ಮಾದಪ್ಪನಿಗೇ ಪಾಟೀಸವಾಲು ಹಾಕುವ ವಕೀಲನ ಹಾಗೆ ಅವನು ಕಿಟಕಿಯ ಆಚೆ ನೋಡುತ್ತ ಕೂತ.

ಎರಡು ತೆಂಗಿನ ಮರಗಳ ನಡುವೆ ತಂತಿ ಎಳೆದಾಯಿತು. ನಾಲ್ಕಾರು ದಿನ ಲೋಕವನ್ನೆಲ್ಲ ಕರೆದಾಯಿತು. ಯಾರು ಯಾರೋ ಉತ್ತರ ಕೊಟ್ಟರು, ಕೇರಳದವರು, ಸೇಲಂನವರು. ಒಂದು ಬೆಳಿಗ್ಗೆ ಹಾಲು ಕರೆದು ಬಂದು ಕೂತವನು, ಇದ್ದಕ್ಕಿದ್ದಂತೆ ಕಿವಿಯ ಹೆಡ್‌ಫೋನು ಕಿತ್ತು ಹಿತ್ತಿಲಿಗೆ ಬಂದ. ತೊಟ್ಟಿಯ ನೀರು ಮುಖಕ್ಕೆ ಎರಚಿಕೊಂಡು, ಒರೆಸಿಕೊಳ್ಳದೆ ಮತ್ತೆ ಒಳಗೆ ಓಡಿದ. ಹೆಸರು ಬರುವ ಮೊದಲೇ ಅವನಿಗೆ ಕೈ ಗುರುತು ಸಿಕ್ಕಿತ್ತಂತೆ. ಗೆರೆಯನ್ನು ಬೇಕಾದ್ದಕ್ಕಿಂತ ಒಂಚೂರು ಎಳೆಯುವ ಕೈ. ಅವತ್ತಿನ ಅವನ ಸಂತೋಷ ಗುರುಪ್ರಕಾಶ ಹುಟ್ಟಿದ ದಿನವೂ ಇರಲಿಲ್ಲ ಎಂದು ಚನ್ನಾಜಮ್ಮನಿಗೆ ಅನ್ನಿಸಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಅಲ್ಲಿಂದ ದಿನವೂ ಬೆಳಿಗ್ಗೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: ಮಳೆ ಬಂತಾ, ನಾಟಿ ಆಯ್ತಾ, ಆನೆ ಬಂದಿತ್ತಾ. ಇಷ್ಟೇ ಎಂದು ಅವಳಿಗೆ ಹೇಳುತ್ತಿದ್ದ. ಬೆಟ್ಟಕ್ಕೆ ಹೋಗಿ ಆಣೆ ಬಿಡಿಸಿಕೊಂಡು ಬನ್ನಿ, ಹುಡುಗನಿಗಾದರೂ ಹೇಳಿ ಎಂದು ಅವಳು ಎಷ್ಟೋ ಸಲ ಅಂದಳು. "ಮುಂದಿನ್ ವರ್ಸ ಓಗವ," ಎನ್ನುತ್ತಿದ್ದ. ರೂಪಳ ಕಾಗದ ವಾಪಸಾದ ಮೇಲೆ ಮಗನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಹೇಳಿದರೆ ಅವನು ಕೇಳುವ ಮೊದಲ ಪ್ರಶ್ನೆ ಯಾವುದೆಂದು ಗಂಡ ಹೆಂಡಿರಿಬ್ಬರಿಗೂ ಗೊತ್ತಿತ್ತು. ಅಪ್ಪನಿಗೆ ಹಳೆಯ ರೇಡಿಯೊ ಹುಚ್ಚು ಎಂದುಕೊಂಡು ಗುರುಪ್ರಕಾಶ ಆ ಕೋಣೆಯ ಕಡೆ ತಲೆ ಹಾಕುತ್ತಿರಲಿಲ್ಲ.

*

ಮಧ್ಯಾಹ್ನ ಭಜನೆಯವರು ತಾಳ ಕಟ್ಟುವ ಹೊತ್ತಿಗೆ ಮಾದಣ್ಣ ಬೀದಿಯಿಂದ ದಾಪುಗಾಲು ಹಾಕುತ್ತ ಬಂದ.

"ಬಂದವ್ನೆ ಕಣ್ಲಾ ಗುರು! ಚಿಕ್ಕಮಾದಪ್ಪ. ರಸ್ತೆ ಆಚೆ ಬಸ್‌ಸ್ಟಾಪಲ್ಲಿ ಕುಂತವ್ನೆ."

"ಯಾರ್ ಯೋಳುದ್ರು ಅವ್ರ್ಗೆ?"

"ನನ್ನೇನ್ ಕೇಳೀಯೆ? ಮಾತಾಡುಸ್ದಿ, ಉಸ್ರು ಬುಡ್ನಿಲ್ಲ."

ಗುರುಪ್ರಕಾಶ ಚಪ್ಪಲಿ ಹುಡುಕತೊಡಗಿದ. ಕೆಟ್ಟದ್ದು ಮಾಡುವ ಹುಡುಗನಲ್ಲ. ಆದರೆ ಅಪ್ಪನ ಮಾತು ನಡೆಸಬೇಕೆಂದು ಹೊರಟವನು ಕಣ್ಣು ಮುಚ್ಚಿ ನಡೆಸಿಬಿಡುತ್ತಾನೆ. ಚಿಕ್ಕಪ್ಪನನ್ನು ವಾಪಸು ಬಸ್ಸು ಹತ್ತಿಸಿ ಬರುತ್ತಾನೆ. ಆಮೇಲೆ ತಮ್ಮನಿಲ್ಲದೆ ಅಣ್ಣ ಮಣ್ಣಾಗುತ್ತಾನೆ. ಇವತ್ತು ತಪ್ಪಿದರೆ ಸರಿಮಾಡಲು ನಾಳೆ ಎಂಬುದಿಲ್ಲ. ಹೇಳಿದರೋ, ಮಗನ ಕಣ್ಣಲ್ಲಿ ಅಪ್ಪ ಎರಡನೆಯ ಸಲ ಸಾಯುತ್ತಾನೆ. ಚನ್ನಾಜಮ್ಮ ಗಂಡನ ಮುಖ ನೋಡಿದಳು. ಪಂಚೆಗೆ ಒರಗಿ ಅವನು ನೆಮ್ಮದಿಯಾಗಿದ್ದ. ಎಲ್ಲ ಅವಳ ತಲೆಗೆ ಕಟ್ಟಿ ಕೂತಿದ್ದಾನೆ ಎಂದು ಸಿಟ್ಟು ಬಂತು.

"ಗುರು, ವಸಿ ಬಾ ಇಲ್ಲಿ," ಎಂದು ಮಗನನ್ನು ಹಿಂದಿನ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

ಸ್ಟೂಲಿನ ಮುಂದೆ ಮರದ ಹಲಗೆ, ಹಲಗೆಯ ಮೇಲೆ ಆ ಸಣ್ಣ ಪೆಟ್ಟಿಗೆ. ಸುತ್ತಿ ಬಳಸಿ ಹೇಳುವುದು ಅವಳಿಗೆ ಬರುತ್ತಿರಲಿಲ್ಲ. "ನಿಮ್ಮಪ್ಪ ದಿನಾ ಇದ್ರಲ್ಲಿ ನಿಮ್ ಚಿಕ್ಕಪ್ಪನ್ ಜೊತೆ ಮಾತಾಡೋರು ಕಣಪ್ಪ. ಬಾಯಲ್ಲಲ್ಲ, ಬೆರಳಲ್ಲಿ. ಯೋಳ್ಸಿದ್ದು ನಾನೇ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಿದಳು. ಲೋಕವನ್ನು ಕರೆಯುವ ಮಾತನ್ನೂ ಹೇಳಿದಳು. ಗುರುಪ್ರಕಾಶ ಪೆಟ್ಟಿಗೆಯನ್ನು ನೋಡಿದ.

"ಯಾವಾಗಿಂದ?"

"ನಿಂಗೆ ಬ್ಯಾಂಕಲ್ಲಿ ಕೆಲ್ಸ ಆದ್ ವರ್ಸದಿಂದ."

"ರೂಪನ್ ಮದುವೆಗಿಂತ ಮುಂಚೆ."

"ಊಂ."

"ನಾನು ಕಾಗ್ದ ವಾಪಸ್ ಕೊಟ್ಟಾಗ ಅಪ್ಪ ಜಗಲಿ ಮೇಲೇ ಕುಂತಿದ್ರು ಕಣವ್ವ." ಅವನು ಸ್ಟೂಲನ್ನು ಕಾಲಿನಿಂದ ಆಚೆ ತಳ್ಳಿದ. "ನೋಡ್ಕಂಡು ಕುಂತಿದ್ರು. ನಾನೊಬ್ನೇ ಪೆದ್ದ ಈ ಮನೇಲಿ."

"ಯೋಳಕ್ಕ ನಾಚ್ಕೆ ಆಗೋದು ಅವ್ರ್ಗೆ. ಆಮೇಲಾಮೇಲೆ ನಿಂಗೆ ಎದ್ರುಕೊಳ್ತಿದ್ರು."

"ನಂಗಾ?" ಎಂದ ಅವನು. ಹೊರಗೆ ಭಜನೆಯವರು ದನಿ ಎತ್ತಿದರು. ಬಾಗಿಲು ಬಡಿದು ಹೊರಟುಹೋದ. ಚಪ್ಪಲಿ ಅಲ್ಲೇ ಇತ್ತು. ಬಸ್‌ಸ್ಟಾಪಿನ ಕಡೆಗೆ ಹೋಗಲಿಲ್ಲ, ಅಷ್ಟು ಮಾತ್ರ ಅವಳಿಗೆ ತಿಳಿಯಿತು.

*

ಹೊತ್ತಿಳಿದ ಮೇಲೆ ಹೂವಿನ ಮಂಟಪದಲ್ಲಿ ಪುಟ್ಟಮಲ್ಲಪ್ಪ ಕೂತೇ ಹೊರಟ. ಮುಂದೆ ತಾಳ, ಹಿಂದೆ ಊರು. ಗುರುಪ್ರಕಾಶ ತಲೆ ತಗ್ಗಿಸಿ ನಡೆದ, ತಾಯಿಯ ಕಡೆ ಒಮ್ಮೆಯೂ ತಿರುಗಲಿಲ್ಲ. ಕೊಳ್ಳೇಗಾಲದಿಂದ ಬಂದ ಮಾದಸ್ವಾಮಿ ಹಾರ ಹಿಡಿದು ಅವಳ ಹತ್ತಿರ ಬಂದು, "ಸುದ್ದಿ ಆಕುದ್ ತಕ್ಷಣ ಒಂದೇ ಒಂದ್ ಉತ್ತರ ಬಂತು ಅಕ್ಕ. ಬತ್ತೀನಿ ಅಂತ. ಗೆರೆ ಯಾವ್ದು ಚುಕ್ಕೆ ಯಾವ್ದು ಅಂತ ತಿಳೀನಿಲ್ಲ ಸರಿಯಾಗಿ," ಎಂದ.

ಮಂಟಪ ರಸ್ತೆ ದಾಟುವಾಗ ಬಸ್‌ಸ್ಟಾಪು ಖಾಲಿಯಿತ್ತು. ಹೋದನೇನೋ ಎಂದುಕೊಂಡಳು ಚನ್ನಾಜಮ್ಮ. ಹೋಗಿರಲಿಲ್ಲ. ನಾಲೆಯ ಏರಿ ಬಳಸಿ, ದೂರದ ತುದಿಯಿಂದ ತನ್ನ ಪಾಲಿನ ಗದ್ದೆಗೆ ಇಳಿದು, ಕೊಯ್ದ ಕೂಳೆಯ ಮೇಲೆ ಕಾಲಿಡುತ್ತ ಒಬ್ಬ ಮುದುಕ ಬರುತ್ತಿದ್ದ. ಅತ್ತೆ ಮಾವನ ಸಮಾಧಿಯ ಗುಡ್ಡೆಗಳಿದ್ದದ್ದು ಎರಡು ಪಾಲಿಗೂ ನಡುವಿನ ಬದುವಿನ ಪಕ್ಕ. ಗುಂಡಿ ತೋಡಿದ್ದೂ ಅಲ್ಲೇ. ಚಿಕ್ಕಮಾದಪ್ಪ ಬದುವಿನ ತನಕ ಬಂದು ನಿಂತ. ಒಂದು ಹೆಜ್ಜೆ ಈಚೆಗೆ ಇಡಲಿಲ್ಲ. ಕೂದಲು ಪೂರ್ತಿ ನೆರೆತು, ಬೆನ್ನು ಬಾಗಿ, ಗಂಡನಿಗಿಂತಲೂ ವಯಸ್ಸಾದವನಂತೆ ಕಂಡ. ಜನ ಗುಸುಗುಸು ಎಂದರು. ಮಾದಣ್ಣ ಕೆಮ್ಮಿದ.

ಅಯ್ನೋರು ಮಂತ್ರ ಹೇಳುತ್ತ ಪುಟ್ಟಮಲ್ಲಪ್ಪನನ್ನು ಇಳಿಸಿ, ಗುಂಡಿಯೊಳಗಿನ ಗೂಡಿನಲ್ಲಿ ಕೂರಿಸಿದರು. ವಿಭೂತಿ ಸುರಿದರು, ಪತ್ರೆ ಹಾಕಿದರು. "ಮಗ ಮೊದಲು," ಎಂದರು.

ಗುರುಪ್ರಕಾಶ ಮೂರು ಹಿಡಿ ಮಣ್ಣು ಹಾಕಿದ. ಆಮೇಲೆ ಚನ್ನಾಜಮ್ಮ. ಅವಳ ಹಿಡಿ ತೆರೆಯಲೇ ಇಲ್ಲ. ಪವಿತ್ರ ಬೆರಳು ಬಿಡಿಸಿದಳು.

"ಇನ್ನು ಅಣ್ಣತಮ್ಮಂದಿರು ಯಾರಾದ್ರೂ..." ಎಂದು ಪದ್ಧತಿಯಂತೆ ಕೂಗಿದ ಅಯ್ನೋರು ಅರ್ಧಕ್ಕೇ ನಿಲ್ಲಿಸಿದರು.

ಚಿಕ್ಕಮಾದಪ್ಪ ಬಗ್ಗಿ ತನ್ನ ನೆಲದಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡಿದ್ದ. ಅದನ್ನು ಹಿಡಿದು ನಿಂತಿದ್ದ. ದಾಟುವಂತಿಲ್ಲ, ಅಲ್ಲಿಂದ ಎಸೆಯುವುದು ಮರ್ಯಾದೆಯಲ್ಲ.

"ದಾಟಿ ಬನ್ನಿ, ಸತ್ತ ಮೇಲೆ ಎಂಥ ಆಣೆ," ಎಂದರು ಅಯ್ನೋರು.

ಮುದುಕ ತಲೆ ಅಲ್ಲಾಡಿಸಿದ. ಕೂಡಿ ಆಣೆ ಬಿಡಿಸಬೇಕಾದವನು ಗುಂಡಿಯಲ್ಲಿದ್ದ.

ಗುರುಪ್ರಕಾಶ ಬದುವಿನ ಹತ್ತಿರ ಹೋದ. ಹದಿನೆಂಟು ವರ್ಷದ ಮೇಲೆ ಅವನು ಚಿಕ್ಕಪ್ಪನಿಗೆ ಎದುರಾಗಿ ನಿಂತಿದ್ದ, ನಡುವೆ ಗೇಣೆತ್ತರದ ಬದು.

"ನನ್ ವಿಸ್ಯ ಏನಾದ್ರೂ ಯೋಳ್ತಿದ್ರಾ?" ಎಂದು ಕೇಳಿದ.

ಚಿಕ್ಕಮಾದಪ್ಪ ಮಣ್ಣಿನ ಹಿಡಿಯನ್ನು ಎದೆಗೆ ಒತ್ತಿಕೊಂಡ. "ಯೋಳ್ತಿದ್ದ. ನಿನ್ ಸೊಂಟ ನೋವು ಅಂತಿದ್ದ. ಬೈಕಲ್ಲಿ ತಿರ್ಗಿ ತಿರ್ಗಿ ಇಂಗಾಯ್ತು, ಬಸ್ಸಲ್ಲಿ ಓಗು ಅನ್ನಕ್ಕ ಬಾಯ್ ಬರಲ್ಲ ಕಣ್ಲಾ ಅಂತಿದ್ದ. ರೂಪನ್ ಮದುವೆ ಕಾಗ್ದ ವಾಪಸಾದ್ ಮಾರ್ನೆ ದಿನ..." ಅವನು ಗುಂಡಿಯ ಕಡೆ ನೋಡಿದ. "ಅವತ್ತೆಲ್ಲ ನಿನ್ ಬಗ್ಗೇನೇ ಕುಟ್ದ. ಹುಡುಗ ಉಣ್ನಿಲ್ಲ ಅಂತ. ನನ್ನಿಂದ ಅಂತ."

ಗುರುಪ್ರಕಾಶ ಮುಖವನ್ನು ತೋಳಿನಿಂದ ಒರೆಸಿಕೊಂಡ. ಆಮೇಲೆ ಕಾಲೆತ್ತಿ ಬದು ದಾಟಿ ಚಿಕ್ಕಪ್ಪನ ನೆಲಕ್ಕೆ ಇಳಿದ. ಬೊಗಸೆ ಒಡ್ಡಿದ.

"ಇದ್ರಲ್ಲಿ ಆಕಿ ಚಿಕ್ಕಪ್ಪ. ನಾನ್ ತಕಂಡೋಗ್ತೀನಿ."

"ಏನ್ಲಾ ಇದು ಗುರು," ಎಂದು ಮಾದಣ್ಣ ಮುಂದೆ ಬಂದ. "ಆಣೆ ಇರೋದು..."

"ಎಲ್ ಮುರೀತು ಮಾದಣ್ಣ? ಅವ್ರು ಅವ್ರ್ ನೆಲದಲ್ಲವ್ರೆ. ಈಚೆ ತುಳಿದಿಲ್ಲ. ಮಣ್ಣಾಕ್ತಿರೋನು ನಾನು. ಇದು ಯಾರ್ದು ಅಂತ ಅಪ್ಪನ್ಗೆ ಗೊತ್ತಾದ್ರ ನಾನೇನ್ ಮಾಡ್ಲಿ?"

ಚನ್ನಾಜಮ್ಮನಿಗೆ ಗಂಡ ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದಂತಾಯಿತು. ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು. ಮಾದಣ್ಣ ಹಿಂದಕ್ಕೆ ಸರಿದ. ಅಯ್ನೋರು ಮಂತ್ರ ಮುಂದುವರಿಸಿದರು.

ಚಿಕ್ಕಮಾದಪ್ಪ ಹಿಡಿ ಬಿಚ್ಚಿದ. ಗುರುಪ್ರಕಾಶ ಬೊಗಸೆಯನ್ನು ಎದೆಯ ಮಟ್ಟಕ್ಕೆ ಹಿಡಿದು, ಒಂದು ಕಾಳೂ ಚೆಲ್ಲದಂತೆ ಬದು ದಾಟಿ ಬಂದು ಗುಂಡಿಗೆ ಸುರಿದ. ಮತ್ತೆ ಹೋದ. ಎರಡನೆಯ ಹಿಡಿ ತಂದ. ಮತ್ತೆ ಹೋದ. ಬದುವಿನ ಮೇಲಿನ ಗರಿಕೆ ಅವನ ಬರಿಗಾಲಿಗೆ ಸಿಕ್ಕಿ ಕಿತ್ತು ಬಂತು, ಒಣಮಣ್ಣು ಎರಡು ಕಡೆಗೂ ಜಾರಿತು. ಅವನು ಮೂರನೆಯ ಹಿಡಿ ಹೊತ್ತು ದಾಟುವ ಹೊತ್ತಿಗೆ ಅಲ್ಲಿ ಒಬ್ಬ ಮುದುಕ ಕಾಲೆತ್ತದೆ ನಡೆದು ಬರಬಹುದಾದಷ್ಟು ತಗ್ಗಿದ ದಾರಿ ಬಿದ್ದಿತ್ತು.